ಕಟ್ಟಿದ ಕೈ

ಕಿರಂಗೂರಿನ ಮೂಳೆ ಚಿಕ್ಕಬೀರಯ್ಯನ ಮನೆ ಎಂದರೆ ಸಾಕು, ಶ್ರೀರಂಗಪಟ್ಟಣದ ಸ್ಟೇಷನ್ನಿನ ಜಟಕಾದವರು ಮರುಮಾತಿಲ್ಲದೆ ಕುದುರೆ ತಿರುಗಿಸುತ್ತಿದ್ದರು. ತೆಂಗಿನ ಮರದಿಂದ ಬಿದ್ದವರು, ಎತ್ತಿನ ಕೈಲಿ ತಿವಿಸಿಕೊಂಡವರು, ಬಾವಿಕಟ್ಟೆ ಮೇಲೆ ಜಾರಿದವರು, ಎಲ್ಲರೂ ಬಂದು ಆ ಮನೆಯ ಜಗಲಿಯ ಮೇಲೆ ಕೂತು ನರಳುವವರೇ. ಒಂದು ಕಾಸು ಮುಟ್ಟದೆ ಮೂಳೆ ಕಟ್ಟುವ ಪುಣ್ಯದ ಮನೆ ಅದು. ಸರಿಯೇ, ಆದರೆ ಆ ಪುಣ್ಯಕ್ಕೆ ಉದ್ದು ರುಬ್ಬುವವರು ಯಾರು? ಸೊಸೆ ಸಿದ್ದಲಿಂಗಮ್ಮ. ಮೊಟ್ಟೆ ಒಡೆದು ಬಿಳಿಯದನ್ನು ಹಿಟ್ಟಿಗೆ ಕಲಸುವವರು ಯಾರು? ಸಿದ್ದಲಿಂಗಮ್ಮ. ಹಳೆ ಸೀರೆ ಹರಿದು ಪಟ್ಟಿ ಮಾಡುವವಳು, ಬಿದಿರು ಸೀಳಿ ದಬ್ಬೆ ನಯ ಮಾಡುವವಳು, ದೂರದೂರಿನಿಂದ ಬಂದವರಿಗೆ ರಾಗಿ ಹಿಟ್ಟು ತಿರುವಿ ಬಡಿಸುವವಳು, ಅವರು ಎದ್ದುಹೋದ ಮೇಲೆ ಜಗಲಿಗೆ ಸಗಣಿ ಸಾರಿಸುವವಳೂ ಅವಳೇ. ಹೆಸರು ಮಾವನಿಗೆ, ಒರಳುಕಲ್ಲು ಇವಳಿಗೆ. ಇಪ್ಪತ್ತು ವರ್ಷದಿಂದ ಹಾಗೇ ನಡೆದುಕೊಂಡು ಬಂದಿತ್ತು, ಅವಳೂ ಗೊಣಗಿಕೊಂಡೇ ನಡೆಸಿಕೊಂಡು ಬಂದಿದ್ದಳು.

ಆ ಮನೆಗೆ ಒಂದು ಕಟ್ಟಳೆ ಇತ್ತು. ಕಟ್ಟಿದ ಕೈಯೇ ಬಿಚ್ಚಬೇಕು. ಯಾರ ಕೈ ಮೂಳೆಗೆ ಪಟ್ಟು ಕಟ್ಟಿತೋ ಅದೇ ಕೈ ಅದನ್ನು ಬಿಚ್ಚಬೇಕು. ಬೇರೆಯವರು ಬಿಚ್ಚಿದರೆ ಮೂಳೆ ಮತ್ತೆ ಸಡಿಲವಾಗುತ್ತದೆ ಎಂದು ನಂಬಿಕೆ. ಹಾಗಾಗಿ ಪಟ್ಟು ಕಟ್ಟಿದವನು ಅದನ್ನು ಬಿಚ್ಚುವ ತನಕ ಊರು ಬಿಟ್ಟು ಹೋಗುವಂತಿಲ್ಲ. ಚಿಕ್ಕಬೀರಯ್ಯ ತನ್ನ ತಂಗಿಯ ಮದುವೆಗೇ ಹೋಗಲಿಲ್ಲವಂತೆ. ಅದನ್ನು ಹೇಳಿಕೊಳ್ಳುವಾಗ ಮುದುಕನ ಎದೆ ಈಗಲೂ ಒಂದು ಗೇಣು ಉಬ್ಬುತ್ತಿತ್ತು.

ಈಗ ಮುದುಕನ ಕೈ ನಡುಗುತ್ತಿತ್ತು. ಮುರಿದ ಮೂಳೆಯನ್ನು ಬೆರಳಲ್ಲಿ ಹುಡುಕಿ ಕೂರಿಸುತ್ತಿದ್ದನೇ ಹೊರತು ಪಟ್ಟಿಯನ್ನು ಬಿಗಿಯಾಗಿ ಎಳೆದು ಕಟ್ಟಲು ಆಗುತ್ತಿರಲಿಲ್ಲ. ಮಗ ಮಾಯಣ್ಣನಿಗೆ ಈ ವಿದ್ಯೆ ಹತ್ತಲಿಲ್ಲ. ಅವನಾಯಿತು, ಅವನ ಕಬ್ಬಿನ ಗದ್ದೆಯಾಯಿತು, ಮಂಡ್ಯದ ಸಕ್ಕರೆ ಕಾರ್ಖಾನೆಯಾಯಿತು. ಮೊಮ್ಮಗ ಚಲುವರಾಜು ಶ್ರೀರಂಗಪಟ್ಟಣದ ಹೈಸ್ಕೂಲು ಮುಗಿಸಿ ಮನೆಯಲ್ಲೇ ಇದ್ದ. ಅವನ ಕೈ ಒಳ್ಳೆಯದು ಎಂದು ಮುದುಕನೇ ಹೇಳುತ್ತಿದ್ದ. ಹೇಳಿ, ಆ ಕೈಯನ್ನೇ ನಂಬಿಕೊಂಡೂ ಇದ್ದ.

ಗಲಾಟೆ ಶುರುವಾದದ್ದು ದೀಪಾವಳಿ ಕಳೆದ ವಾರ, ಊಟದ ಹೊತ್ತಿಗೆ.

“ತಾತ, ಮೈಸೂರಿಗೆ ಹೋಗಿದ್ದೆ. ಪುಟ್ಟಿ ಕೈ ಎಕ್ಸ್‌ರೇ ತೆಗೆದ್ರಲ್ಲ, ಆ ಡಾಕ್ಟ್ರನ್ನ ಮತ್ತೆ ಕಂಡೆ,” ಎಂದ ಚಲುವರಾಜು.

ಮುದುಕ ಸಾರಿನಲ್ಲಿ ಹಿಟ್ಟು ಅದ್ದುತ್ತಿದ್ದವನು ಅದ್ದುತ್ತಲೇ ಇದ್ದ.

“ಆ ಪಟ ತೆಗೆಯೋ ಕೆಲಸ ಕಲಿಸ್ತಾರಂತೆ. ಮೈಸೂರಲ್ಲಾದ್ರೆ ಪಟ ತೆಗೆಯೋರ ಪಕ್ಕ ನಿಂತು ನೋಡಿ ಕಲೀಬೇಕು, ಸ್ಕೂಲು ಅಂತ ಇಲ್ಲ, ಸರ್ಟಿಫಿಕೇಟೂ ಇಲ್ಲ. ಮದರಾಸಲ್ಲಿ ಸ್ಕೂಲೇ ಐತಂತೆ. ವರ್ಷ ಕಲಿಸಿ, ಪರೀಕ್ಷೆ ಮಾಡಿ, ಸರ್ಟಿಫಿಕೇಟು ಕೊಟ್ಟು ಕಳಿಸ್ತಾರೆ. ನಾನು ಹೂಂ ಅಂದ್ರೆ ಡಾಕ್ಟ್ರು ಒಂದು ಮಾತು ಹೇಳ್ತಾರಂತೆ. ಸಂಕ್ರಾಂತಿ ಆದ್ಮೇಲೆ ಸೇರ್ಕೊಬೇಕು.”

“ಮದರಾಸಾ!” ಎಂದಳು ಪುಟ್ಟಲಕ್ಷ್ಮಿ. ಅವಳು ಚಲುವರಾಜುವಿನ ತಂಗಿ. ಎಡಗೈಯಲ್ಲಿ ಸೌಟು ಹಿಡಿದಿದ್ದಳು, ಬಲಗೈ ಮಡಿಲಲ್ಲಿತ್ತು.

ಆ ಬಲಗೈಯೇ ಈ ಎಲ್ಲಕ್ಕೂ ಮೂಲ. ಬೇಸಿಗೆಯಲ್ಲಿ ನಾಲೆ ಮೆಟ್ಟಿಲ ಮೇಲೆ ಬಿಂದಿಗೆ ಸಮೇತ ಜಾರಿ, ಅಂಗೈ ಊರಿ ಬಿದ್ದಿದ್ದಳು. ಮುದುಕ ಒತ್ತಿ ನೋಡಿ, ಉಳುಕು, ಎಣ್ಣೆ ಹಚ್ಚಿ ಉಜ್ಜಿ ಎಂದ. ಉಜ್ಜಿದರು. ಮಳೆಗಾಲ ಕಳೆದರೂ ನೋವು ಹೋಗಲಿಲ್ಲ. ಚಲುವರಾಜು ತಾತನಿಗೆ ಹೇಳದೆ ಅವಳನ್ನು ಅಜ್ಮತ್ ಉಲ್ಲಾನ ಜಟಕಾ ಹತ್ತಿಸಿ, ರೈಲಲ್ಲಿ ಮೈಸೂರಿಗೆ ಕರೆದುಕೊಂಡು ಹೋದ. ಪಟದಲ್ಲಿ ಮಣಿಕಟ್ಟಿನ ಒಂದು ಪುಟ್ಟ ಮೂಳೆ ಎರಡು ತುಂಡಾಗಿತ್ತು. ಮೊದಲೇ ಕಟ್ಟಿದ್ದರೆ ಕೂಡುತ್ತಿತ್ತು, ಈಗ ಕೂಡುವುದಿಲ್ಲ ಎಂದರು ಡಾಕ್ಟರು. ಹುಡುಗಿ ಹಿಟ್ಟಿನ ಕೋಲು ಹಿಡಿದು ತಿರುವಲಾರಳು ಎಂಬ ಸುದ್ದಿ ಹೇಗೋ ಹಬ್ಬಿತು, ಕೃಷ್ಣರಾಜಪೇಟೆ ಕಡೆಯಿಂದ ಬಂದಿದ್ದ ಒಳ್ಳೆಯ ಸಂಬಂಧ ಬಂದ ದಾರಿಯಲ್ಲೇ ವಾಪಸು ಹೋಯಿತು. ಚಲುವರಾಜು ಆ ಪಟವನ್ನು ತಾತನ ಮುಂದೆ ಬೆಳಕಿಗೆ ಹಿಡಿದರೆ, ಮುದುಕ ಮುಖ ತಿರುಗಿಸಿದ್ದ. “ಮಣ್ಣಾದ ಮ್ಯಾಲೆ ಕಾಣೋ ಮೂಳೇನ ಬದುಕಿರೋವಾಗ್ಲೇ ತೋರುಸ್ತೀಯೇನ್ಲಾ? ತಗೊಂಡೋಗು ಆಚೆಗೆ!” ಎಂದು ಗದರಿದ್ದ. ಅಂದಿನಿಂದ ಪಟ ಬಟ್ಟೆ ಸುತ್ತಿಕೊಂಡು ಅಟ್ಟದ ಮೇಲೆ ಕೂತಿತ್ತು.

ಮುದುಕ ಈಗ ತಟ್ಟೆಯಲ್ಲೇ ಕೈ ತೊಳೆದ.

“ನಿನ್ ಕೈಲಿ ಎಸ್ಟು ಕಟ್ಟು ಅವೆ ಈಗ?”

“ಎರಡು ತಾತ.”

“ಅವು ಬಿಚ್ಚೋಗಂಟ ಮದರಾಸು ಇಲ್ಲ, ಮೈಸೂರೂ ಇಲ್ಲ. ಬಿಚ್ಚಿದ್ ಮ್ಯಾಲೆ ಮಾತಾಡೋವ.”

“ಆಗ್ಲಿ ತಾತ. ಎರಡೂ ಸಂಕ್ರಾಂತಿಗೆ ಮುಂಚೇನೇ ಬಿಚ್ಚೋವು.”

ಇಷ್ಟು ಸಲೀಸಾಗಿ ಮುಗಿಯಿತಲ್ಲ ಎಂದು ಸಿದ್ದಲಿಂಗಮ್ಮನಿಗೆ ಸಮಾಧಾನವಾಯಿತು. ಅವಳ ಬುದ್ಧಿಗೆ ಏನು ಹೇಳೋಣ!

ಮದರಾಸಿನ ಮಾತು ಕೇಳಿ ನಾಗಮಂಗಲದಿಂದ ಅವಳ ತಮ್ಮ ನಂಜಪ್ಪ ಬಂದ. ಅವನಿಗೆ ಎಲ್ಲದರಲ್ಲೂ ಒಂದು ಸುಲಭದ ದಾರಿ ಗೊತ್ತಿರುತ್ತಿತ್ತು. ಬೆಂಗಳೂರಿನ ದಂಡು ಪ್ರದೇಶದಲ್ಲಿ ಒಬ್ಬ ಸಾಹೇಬರ ಸ್ಕೂಲು ಇದೆ, ಮೂರು ತಿಂಗಳಲ್ಲಿ ಕಲಿಸಿಬಿಡುತ್ತಾರೆ, ಮದರಾಸಿಗೆ ಯಾಕೆ ಹೋಗಿ ಸಾಯಬೇಕು ಎಂದ. ಸೋದರಮಾವನ ಮಾತು ತೆಗೆದುಹಾಕಲಾರದೆ ಚಲುವರಾಜು ಅವನ ಜೊತೆ ಹೋಗಿ ನೋಡಿಕೊಂಡು ಬಂದ.

“ಎಂಗೈತೆ ಮಗಾ?” ಎಂದು ಸಿದ್ದಲಿಂಗಮ್ಮ ಕೇಳಿದಳು.

“ಚೆನ್ನಾಗೈತೆ ಕಣವ್ವ. ಮಿಷನ್ ಒಂದಿಲ್ಲ. ಗೋಡೆ ಮೇಲೆ ಮಿಷನ್ ಚಿತ್ರ ಬರೆದವ್ರೆ, ಮೇಷ್ಟ್ರು ಕಡ್ಡೀಲಿ ಮುಟ್ಟಿ ಮುಟ್ಟಿ ತೋರುಸ್ತಾರೆ.”

ಪುಟ್ಟಲಕ್ಷ್ಮಿ ನಕ್ಕಳು. ಬೇಸಿಗೆಯಿಂದೀಚೆಗೆ ಅವಳು ನಕ್ಕದ್ದು ಅದೇ ಮೊದಲು. ನಂಜಪ್ಪನೂ ನಗುತ್ತಾ, “ಓಗ್ಲಿ ಬುಡು, ಬೆಂಗ್ಳೂರಾದ್ರೂ ನೋಡ್ದಂಗಾಯ್ತು,” ಎಂದ. ಹೊರಡುವಾಗ ಮಾತ್ರ ಅಕ್ಕನನ್ನು ಹಿತ್ತಿಲಿಗೆ ಕರೆದ.

“ಅಕ್ಕ, ಅವ್ವ ಸ್ಯಾನೆ ಸೋತೋಗವ್ಳೆ. ನಿನ್ನನ್ನೇ ಕೇಳ್ತಾ ಇರ್ತಾಳೆ. ಒಂದಪ ಬಂದು ಮಕ ತೋರ್ಸಿ ಹೋಗು.”

“ಇವನನ್ನ ಒಂದು ದಾರಿಗೆ ಕಳ್ಸಿ ಬತ್ತೀನಿ ಕಣಪ್ಪ. ಇದ್ದು ನಾಲ್ಕು ದಿನ ಅವಳ ತಲೆ ಬಾಚ್ತೀನಿ ಅಂತ ಹೇಳು.”

ಎರಡು ವರ್ಷದಿಂದ ಅವಳು ತವರು ನೋಡಿರಲಿಲ್ಲ. ಹೋದರೆ ಈ ಮನೆಯಲ್ಲಿ ರುಬ್ಬುವವರು ಯಾರು?

ಆ ಮೇಲಿನ ವಾರಗಳಲ್ಲಿ ಮುದುಕ ಬದಲಾದ. ಮೊದಲೆಲ್ಲ ಮೊಮ್ಮಗ ಕಟ್ಟುವಾಗ ಪಕ್ಕದಲ್ಲಿ ಕೂತು ಹತ್ತು ತಪ್ಪು ತೆಗೆಯುತ್ತಿದ್ದವನು, ಬಿಗಿ ಹೆಚ್ಚಾಯಿತು ಕಡಿಮೆಯಾಯಿತು ಎಂದು ಕೈ ತಟ್ಟುತ್ತಿದ್ದವನು, ಈಗ ಯಾರೇ ಬರಲಿ, “ಚಲುವ, ಬಾ ಮಗಾ, ನೀನೇ ಕಟ್ಟು,” ಎನ್ನುವನು. ಕಟ್ಟಿದ ಮೇಲೆ ಬಂದವರ ಮುಂದೆ ಹೊಗಳುವನು. “ನಮ್ಮ ಮನೆ ಕೈ ಇವನಿಗೆ ಬಂದದೆ ಕಣ್ರಪ್ಪ. ಇನ್ನು ನಾನು ಸತ್ರೂ ಚಿಂತೆ ಇಲ್ಲ.” ಚಲುವರಾಜುವಿಗೂ ಹಿಗ್ಗು. ಸಿದ್ದಲಿಂಗಮ್ಮನಿಗಂತೂ ರುಬ್ಬುವ ಕೈ ನೋಯುತ್ತಿದ್ದರೂ ಹಿಗ್ಗು. ಹೊಗಳಿಕೆ ಕೇಳಿದ ಮನೆಯಲ್ಲವಲ್ಲ ಅದು, ಒಂದು ಒಳ್ಳೆಯ ಮಾತಿಗೆ ತಾಯಿ ಮಗ ಇಬ್ಬರೂ ಕರಗಿಹೋದರು. ಎರಡಿದ್ದ ಕಟ್ಟು ಮೂರಾಯಿತು. ಒಂದು ಬಿಚ್ಚುವಷ್ಟರಲ್ಲಿ ಇನ್ನೊಂದು ಬಂತು.

ಅವಳ ಕಣ್ಣು ತೆರೆಸಿದವನು ಬೆಳಗೊಳದ ಕುರಿ ದ್ಯಾವಯ್ಯ. ಡಿಸೆಂಬರಿನ ಒಂದು ಬೆಳಗ್ಗೆ ಗಾಡಿಯಿಂದ ಇಳಿದು, ತಾನೇ ಕುಂಟಿಕೊಂಡು ನಡೆದು ಬಂದು ಜಗಲಿ ಹತ್ತಿದ. ಬದು ಮೇಲಿಂದ ಕಾಲು ತಿರುಚಿಕೊಂಡು ಬಿದ್ದೆ ಎಂದ. ಮುದುಕ ಹಿಮ್ಮಡಿ ಒತ್ತಿ, ಗಂಟು ಒತ್ತಿ, ಕಣ್ಣು ಮುಚ್ಚಿಕೊಂಡ.

“ಮುರಿದೈತೆ. ಚಲುವ, ದಬ್ಬೆ ತತ್ತಾ.”

ಚಲುವರಾಜುವೂ ಮುಟ್ಟಿ ನೋಡಿದ. “ತಾತ, ಉಳುಕು ಇರ್ಬೋದೇನೋ.”

“ನಿನ್ ಕಣ್ಣಿಗೆ ಆಗ್ಲೇ ಎಕ್ಸ್‌ರೇ ಬಂದ್ಬುಡ್ತೇನ್ಲಾ? ಮುರಿದೈತೆ ಅಂದೆ.”

ಹುಡುಗ ದಬ್ಬೆ ತಂದ. ತಂಗಿಯ ಕೈ ಕೂಡ ಉಳುಕು ಎಂದೇ ತಾನೆ ಎಲ್ಲರಿಗೂ ಕಂಡಿದ್ದು. ಹಾಗೆಂದು ಬಿಟ್ಟು ಇವನೂ ಕುಂಟನಾದರೆ? ಆ ಭಯಕ್ಕೇ ಅವನು ಕಟ್ಟಿದ. ಮುದುಕ ಪಟ್ಟಿನ ಗಂಟು ತಡವಿ ನೋಡಿ, “ಸಂಕ್ರಾಂತಿ ಕಳೆದು ಹದಿನೈದು ದಿನಕ್ಕೆ ಬಾ. ಅಲ್ಲಿಗಂಟ ಬಿಚ್ಚಂಗಿಲ್ಲ,” ಎಂದ.

ಒಳಗಡೆ ಕೈ ತೊಳೆಯುತ್ತಿದ್ದ ಸಿದ್ದಲಿಂಗಮ್ಮ ಚೊಂಬು ಕೆಳಗಿಟ್ಟಳು. ಸಂಕ್ರಾಂತಿ ಕಳೆದು ಹದಿನೈದು ದಿನ! ಅಷ್ಟರಲ್ಲಿ ಮದರಾಸಿನ ಸ್ಕೂಲು ಶುರುವಾಗಿರುತ್ತದೆ. ಅವಳು ಸೆರಗಲ್ಲಿ ಕೈ ಒರೆಸಿಕೊಂಡು, ದ್ಯಾವಯ್ಯನ ಗಾಡಿ ಮರೆಯಾಗುವ ತನಕ ಕಾದು, ಜಗಲಿಗೆ ಬಂದಳು.

“ಮಾವ, ಅವನು ನಡ್ಕೊಂಡು ಬಂದ. ನಾನು ನೋಡ್ದೆ.”

“ನೋಡಿದ್ರೆ?”

“ಮುರಿದ ಕಾಲು ಊರ್ಕೊಂಡು ಮೆಟ್ಲು ಹತ್ತಾರಾ?”

“ನೀನು ಹಿಟ್ಟು ರುಬ್ಬೋಳು, ರುಬ್ಬೋಗು.”

“ರುಬ್ಬೀನಿ. ಇಪ್ಪತ್ತು ವರ್ಷದಿಂದ ರುಬ್ತಾನೇ ಇವ್ನಿ. ಎಷ್ಟು ಹಿಟ್ಟು ಯಾವ ಮುರಿತಕ್ಕೆ ಬೇಕು ಅಂತ ನಂಗೂ ಗೊತ್ತಾಗ್ತದೆ ಮಾವ. ಮುರಿದ ಕೈನ ಉಳುಕು ಅಂದ್ರಿ, ನನ್ನ ಮಗಳ ಬಾಳು ಇಂಗಾಯ್ತು. ಈಗ ಉಳುಕಿದ ಕಾಲನ್ನ ಮುರಿತ ಅಂತೀರಿ, ನನ್ನ ಮಗನ ಬಾಳಿಗೆ ಕಟ್ಟು ಹಾಕ್ತೀರಿ!”

ಆ ಮನೆಯಲ್ಲಿ ಆ ಮಾತನ್ನು ಯಾರೂ ಆಡಿರಲಿಲ್ಲ. ಗದ್ದೆಯಿಂದ ಆಗ ತಾನೇ ಬಂದು ಬಾಗಿಲಲ್ಲಿ ನಿಂತಿದ್ದ ಮಾಯಣ್ಣ ಕೂಗಿದ:

“ಏನಮ್ಮಿ ಅದು, ನನ್ನಪ್ಪನಿಗೆ ಎದ್ರಾಡ್ತೀಯಾ? ಬಾಯಿ ಮುಚ್ಚು!”

“ಮುಚ್ಚಿದ್ದಕ್ಕೇ ಇಂಗಾಗಿರೋದು,” ಎಂದು ಅವಳು ಒಳಗೆ ಹೋದಳು.

ಆಮೇಲೆ ಆ ಮನೆಯಲ್ಲಿ ಊಟ ಎಂಬುದು ತಟ್ಟೆಯ ಸದ್ದಾಯಿತು. ಅವರೆಕಾಳಿನ ಕಾಲ. ಸೊಗಡಿನ ಸಾರು ಮನೆ ತುಂಬ ಘಮ್ಮೆನ್ನುತ್ತಿದ್ದರೂ ಯಾರೂ ಇನ್ನಷ್ಟು ಹಾಕು ಎನ್ನುತ್ತಿರಲಿಲ್ಲ. ಮುದುಕ ಸೊಸೆಯ ಕೈಯ ಊಟ ಬಿಡಲಿಲ್ಲ, ಅವಳ ಮುಖ ನೋಡುವುದನ್ನು ಬಿಟ್ಟ. ಮಾಯಣ್ಣನಿಗೆ ಅತ್ತ ಅಪ್ಪ, ಇತ್ತ ಹೆಂಡತಿ. ನಾಲ್ಕು ದಿನ ನೋಡಿ, ಮಗನನ್ನು ಗದ್ದೆ ಬದುವಿಗೆ ಕರೆದುಕೊಂಡು ಹೋಗಿ ಏನು ಹೇಳಿದನೋ. ಹುಡುಗ ಬಂದವನೇ ಒಲೆಯ ಮುಂದೆ ಕೂತ.

“ಅವ್ವ, ನಾನು ಮೈಸೂರಲ್ಲೇ ಸೇರ್ಕೊತೀನಿ. ಭಾನ್ವಾರ ಭಾನ್ವಾರ ರೈಲಲ್ಲಿ ಬಂದು ಕಟ್ಟು ಬಿಚ್ಬೋದು. ತಾತನೂ ಒಪ್ತಾರೆ.”

“ಅಲ್ಲಿ ಸ್ಕೂಲಿಲ್ಲ ಅಂದಿದ್ದೆ?”

“ಇಲ್ಲ. ಪಟ ತೊಳೆಯೋದು, ಬಾಗ್ಲು ಕಾಯೋದು ಮಾಡ್ತಾ ನೋಡ್ಕೊಂಡು ಕಲ್ತ್ಕೊಬೋದು.”

“ಸರ್ಟಿಫಿಕೇಟು?”

“ಇಲ್ಲ.”

“ಅಂದ್ರೆ ಸಾಯೋಗಂಟ ಬಾಗ್ಲು ಕಾಯ್ತೀಯ?”

“ಇನ್ನೇನ್ ಮಾಡ್ಲವ್ವ!” ಎಂದ ಹುಡುಗ. “ದಿನಾ ಈ ಮೌನದಲ್ಲಿ ಉಣ್ಣಕ್ಕಾಗಲ್ಲ ನನ್ ಕೈಲಿ.”

ಮೂಲೆಯಲ್ಲಿ ಎಡಗೈಯಿಂದ ಅವರೆಕಾಯಿ ಸುಲಿಯುತ್ತಿದ್ದ ಪುಟ್ಟಲಕ್ಷ್ಮಿ ತಲೆ ಎತ್ತಿದಳು. “ಅಣ್ಣ, ಆವತ್ತು ಮೈಸೂರಿಂದ ಬರೋವಾಗ ರೈಲಲ್ಲಿ ಏನಂದೆ ನೀನು? ಇನ್ನೊಂದು ಹುಡುಗಿಗೆ ಇಂಗಾಗ್ಬಾರ್ದು, ನಾನು ಕಲೀತೀನಿ ಅಂದೆ. ಬಾಗ್ಲು ಕಾಯ್ತೀನಿ ಅನ್ಲಿಲ್ಲ.”

ಅವನು ಎದ್ದು ಹಿತ್ತಿಲಿಗೆ ಹೋಗಿಬಿಟ್ಟ. ಸಿದ್ದಲಿಂಗಮ್ಮ ಒಲೆಗೆ ಸೌದೆ ದೂಡಿದಳು, ದೂಡಿದಳು, ಸಾರು ಉಕ್ಕಿ ಒಲೆ ಆರುವ ತನಕ ದೂಡುತ್ತಲೇ ಇದ್ದಳು.

ಸಂಕ್ರಾಂತಿಗೆ ಇನ್ನೊಂದು ವಾರ ಇರುವಾಗ ಒಂದು ತಮಾಷೆ ನಡೆಯಿತು. ದ್ಯಾವಯ್ಯ ಬಂದ. ಹೆಗಲ ಮೇಲೆ ಒಂದು ದೊಡ್ಡ ಸಿಹಿಗುಂಬಳ. ಕಾಲಲ್ಲಿ ಪಟ್ಟು ಇಲ್ಲ! ದಾಪುಗಾಲು ಹಾಕಿಕೊಂಡು ಬಂದು ಜಗಲಿಯ ಮೇಲೆ ಕುಂಬಳ ಇಳಿಸಿದ.

“ಪಟ್ಟು ಎಲ್ಲಯ್ಯ?” ಎಂದ ಮುದುಕ.

“ಬಿಚ್ಚಾಕ್ಬುಟ್ಟೆ ಗೌಡ್ರೆ. ಒಳಗೆ ತುರಿಕೆ ಅಂದ್ರೆ ತುರಿಕೆ, ಇರುವೆ ಮೇಯ್ದಂಗೆ. ಒಂದು ದಿನ ತಡೀನಾರ್ದೆ ಕುರಿ ಕತ್ತರೀಲಿ ಕತ್ತರ್ಸಿ ಎಸೆದೆ. ತಪ್ಪಾಯ್ತು, ಬಯ್ಬ್ಯಾಡಿ. ಆದ್ರೆ ನೋಡಿ, ನಿಮ್ ಕೈಗುಣ! ಮಾರ್ನೇ ದಿನಾನೇ ಕುರಿ ಹಿಂದೆ ಓಡ್ದೆ!”

ಅವನು ಅಲ್ಲೇ ಜಗಲಿಯ ಮುಂದೆ ಎರಡು ಸಲ ಕುಪ್ಪಳಿಸಿಯೂ ತೋರಿಸಿದ. ಯಾರೂ ನಗಲಿಲ್ಲ. ಮಾಯಣ್ಣ ಅಪ್ಪನ ಮುಖ ನೋಡಿದ, ಆಮೇಲೆ ಹೆಂಡತಿಯ ಮುಖ ನೋಡಿದ, ಆಮೇಲೆ ಕುಂಬಳಕಾಯಿಯನ್ನು ಎತ್ತಿಕೊಂಡು ಒಳಗೆ ಹೋದ. ಆ ರಾತ್ರಿ ಕುಂಬಳಕಾಯಿ ಪಲ್ಯ ಬಡಿಸುವಾಗ ಮಾಯಣ್ಣ ಯಾರನ್ನೂ ನೋಡದೆ ಹೇಳಿದ:

“ಚಲುವ ಮದರಾಸಿಗೇ ಹೋಗ್ಲಿ. ಖರ್ಚಿಗೆ ಕಬ್ಬಿನ ದುಡ್ಡು ಬತ್ತದೆ.”

ಮುದುಕ ಬೇಡ ಎನ್ನಲಿಲ್ಲ. “ಕಟ್ಟು ಇಲ್ದಿದ್ರೆ ಹೋಗ್ಲಿ,” ಎಂದ, ಅಷ್ಟೆ. ಉಳಿದಿದ್ದ ಪಟ್ಟುಗಳನ್ನು ಚಲುವರಾಜು ಸಂಕ್ರಾಂತಿಯ ಹೊತ್ತಿಗೆ ಬಿಚ್ಚಿ ಮುಗಿಸಿದ. ಅಜ್ಮತ್ ಉಲ್ಲಾ ತಾನೇ ಬಂದು, “ಬೇಟಾನ ನನ್ ಗಾಡೀಲೇ ಸ್ಟೇಷನ್ನಿಗೆ ಬಿಡ್ತೀನಿ, ಬಾಡಿಗೆ ಬ್ಯಾಡ,” ಎಂದು ಹೇಳಿ ಹೋದ. ಸಿದ್ದಲಿಂಗಮ್ಮ ಚಕ್ಕುಲಿ ಕರಿದು ಡಬ್ಬಕ್ಕೆ ತುಂಬಿದಳು. ಮಗನನ್ನು ಕಳಿಸಿ ಆ ವಾರವೇ ನಾಗಮಂಗಲಕ್ಕೆ ಹೋಗುವುದು ಎಂದು ತನ್ನದೂ ಒಂದು ಗಂಟು ಕಟ್ಟಿ ಇಟ್ಟಳು.

ಹೊರಡುವ ಹಿಂದಿನ ಸಂಜೆ ಜಟಕಾ ಬಂತು. ಆದರೆ ಕುದುರೆ ಹೊಡೆಯುತ್ತಿದ್ದವನು ಅಜ್ಮತ್ ಉಲ್ಲಾ ಅಲ್ಲ, ಅವನ ಅಣ್ಣನ ಮಗ ಜಹೀರುದ್ದೀನ್. ಅಜ್ಮತ್ ಉಲ್ಲಾ ಹಿಂದೆ ಹುಲ್ಲಿನ ಮೇಲೆ ಮಲಗಿ, “ಯಾ ಅಲ್ಲಾ, ಯಾ ಅಲ್ಲಾ,” ಎನ್ನುತ್ತಿದ್ದ. ಲಾರಿಯ ಹಾರನ್ನಿಗೆ ಕುದುರೆ ಬೆದರಿ ಗಾಡಿ ವಾಲಿ, ಮೊಣಕೈ ಕೆಳಗೆ ಕೈ ಸೊಟ್ಟಗೆ ತಿರುಗಿತ್ತು. ಇದನ್ನು ಉಳುಕು ಎನ್ನುವ ಮಾತೇ ಇಲ್ಲ, ಕುರುಡನಿಗೂ ಕಾಣುವ ಮುರಿತ.

“ಮೈಸೂರಿಗೆ ಹೋಗೋಣ ಸಾಹೇಬ್ರೆ, ನಾನು ಕರ್ಕೊಂಡು ಹೋಗ್ತೀನಿ,” ಎಂದ ಚಲುವರಾಜು.

“ದವಾಖಾನೆ ಬ್ಯಾಡ! ಕೈ ಕುಯ್ದು ಹಾಕ್ತಾರೆ! ಅಜ್ಜಾ, ನೀವೇ ಮಾಡಿ. ಲಗಾಮು ಹಿಡಿಯೋ ಕೈ ಇದು.”

ಮುದುಕ ಬಂದು ಪಕ್ಕದಲ್ಲಿ ಕೂತ. ಬೆರಳಾಡಿಸಿದ. ಸಿದ್ದಲಿಂಗಮ್ಮ ಹೇಳಿಸಿಕೊಳ್ಳದೆಯೇ ಉದ್ದಿನ ಹಿಟ್ಟು, ಮೊಟ್ಟೆ, ದಬ್ಬೆ, ಪಟ್ಟಿ ತಂದಿಟ್ಟಳು. ಮುದುಕ ಮೊಮ್ಮಗನ ಕಡೆ ತಿರುಗಿದ. ಈ ಸಲ ಅವನ ದನಿಯಲ್ಲಿ ಹೊಗಳಿಕೆಯೂ ಇರಲಿಲ್ಲ, ಗದರಿಕೆಯೂ ಇರಲಿಲ್ಲ.

“ನನ್ ಕೈಲಿ ಬಿಗಿಯಾಕಾಗಲ್ಲ. ಚಲುವ, ಬಾ. ಕಟ್ಟು.”

ಚಲುವರಾಜು ತಾತನನ್ನು ನೋಡಿದ, ನೋವಿನಲ್ಲಿ ಹಲ್ಲು ಕಚ್ಚಿದ ಅಜ್ಮತ್ ಉಲ್ಲಾನನ್ನು ನೋಡಿದ. ಕಟ್ಟಿದರೆ ಶಿವರಾತ್ರಿಯ ತನಕ ಅವನು ಈ ಜಗಲಿಗೆ ಸೇರಿದವನು, ಸ್ಕೂಲು ಅವನಿಗಾಗಿ ಕಾಯುವುದಿಲ್ಲ. ಕಟ್ಟದಿದ್ದರೆ ಈ ಕೈ? ಅವನು ಅಂಗಿಯ ತೋಳು ಮಡಿಸಿ, ಕೂತ. ಒಳ್ಳೆಯ ಹುಡುಗರ ಹಣೆಬರಹವೇ ಅಷ್ಟು.

“ಏಳ್ಲಾ ಮ್ಯಾಕೆ,” ಎಂದಳು ಸಿದ್ದಲಿಂಗಮ್ಮ.

“ಅವ್ವ?”

“ಏಳು ಅಂದೆ. ಮಾವ, ಮೂಳೆ ನೀವು ಕೂರ್ಸಿ. ನಾನು ಕಟ್ತೀನಿ.”

ಮುದುಕ ಹೇಳಿದ, “ಹೆಣ್ಣೆಂಗಸು ಕಟ್ಟಿದ ಪಟ್ಟು ನಿಲ್ಲಾಕಿಲ್ಲ ಕಣವ್ವ. ಈ ಮನೇಲಿ ಯಾವತ್ತೂ ಕಟ್ಟಿಲ್ಲ.”

“ರುಬ್ಬೋದು ನಾನು, ದಬ್ಬೆ ಸೀಳೋದು ನಾನು, ಬಟ್ಟೆ ಹರಿಯೋದು ನಾನು. ಗಂಟು ಹಾಕೋದೊಂದು ಬಾಕಿ ಇತ್ತು. ಕೂರ್ಸಿ ಮಾವ, ಅವರು ಒದ್ದಾಡ್ತಾವ್ರೆ.”

“ಯಾರಾದ್ರೂ ಕಟ್ಟಿ ಅಮ್ಮಾ, ಜಾನ್ ಹೋಗ್ತಾ ಐತೆ!” ಎಂದು ಅಜ್ಮತ್ ಉಲ್ಲಾ ಕಿರುಚಿದ.

ಮುದುಕ ಎಳೆದು ಕೂರಿಸಿದ. ಅವಳು ಹಿಟ್ಟು ಬಳಿದು, ದಬ್ಬೆ ಇಟ್ಟು, ಪಟ್ಟಿ ಸುತ್ತಿದಳು. ಇಪ್ಪತ್ತು ವರ್ಷ ಹಿಂದೆ ನಿಂತು ನೋಡಿದ್ದು ಅವಳ ಕೈಗೆ ತಾನಾಗಿ ಬಂತು. ಒಂದು ಕಡೆ ಪಟ್ಟಿ ಸಡಿಲವಾಯಿತು. ಮುದುಕ ಅಲ್ಲಿ ಬೆರಳಿಟ್ಟ, ಅವಳು ಬಿಚ್ಚಿ ಮತ್ತೆ ಎಳೆದಳು. ಗಂಟು ಹಾಕಿ ಎದ್ದಾಗ ಅವಳ ಮೈಯೆಲ್ಲ ಬೆವರಿತ್ತು.

“ಅವ್ವ, ನೀನು ಅಜ್ಜಿ ನೋಡಕ್ಕೆ ಹೋಗ್ಬೇಕಂತಿದ್ದೆ,” ಎಂದ ಚಲುವರಾಜು ಮೆಲ್ಲಗೆ.

“ಕಟ್ಟು ಬಿಚ್ಚಿ ಹೋಗ್ತೀನಿ. ನಿಮ್ಮಜ್ಜಿ ಎಲ್ಲಿಗೆ ಓಡೋಯ್ತಾಳೆ?”

ಬೆಳಗ್ಗೆ ಮಾಯಣ್ಣ ಎತ್ತಿನ ಗಾಡಿಯಲ್ಲೇ ಮಗನನ್ನು ಸ್ಟೇಷನ್ನಿಗೆ ಕರೆದುಕೊಂಡು ಹೋದ. ಮುದುಕ ಜಗಲಿಯಿಂದ ಇಳಿಯಲಿಲ್ಲ. ಹುಡುಗ ಕಾಲು ಮುಟ್ಟಿದಾಗ ತಲೆಯ ಮೇಲೆ ಕೈ ಇಟ್ಟ, ಆ ನಡುಕದ ಕೈಯನ್ನು ಬಹಳ ಹೊತ್ತು ತೆಗೆಯಲಿಲ್ಲ.

ಮಾಘ ಮಾಸದ ಚಳಿ ಇಳಿಯುತ್ತಿದ್ದಾಗ ನಂಜಪ್ಪ ಬಂದ. ಈ ಸಲ ಅವನ ಬಳಿ ಸುಲಭದ ದಾರಿ ಯಾವುದೂ ಇರಲಿಲ್ಲ. ಗಾಡಿಯಿಂದ ಇಳಿಯುತ್ತಲೇ, “ಅಕ್ಕ, ಹೊರಡು. ಅವ್ವ ಗಂಜೀನೂ ಬುಟ್ಟವಳೆ. ನಿನ್ ಹೆಸರೊಂದೇ ಬಾಯಲ್ಲಿ,” ಎಂದ.

ಸಿದ್ದಲಿಂಗಮ್ಮ ರುಬ್ಬುಗುಂಡಿನ ಮೇಲೆ ಕೈ ಇಟ್ಟುಕೊಂಡು ಕೂತುಬಿಟ್ಟಳು. ಅಜ್ಮತ್ ಉಲ್ಲಾನ ಕಟ್ಟು ಬಿಚ್ಚಲು ಇನ್ನೂ ಒಂದು ವಾರಕ್ಕೆ ಮೇಲಿತ್ತು.

“ಬರಂಗಿಲ್ಲ ಕಣಪ್ಪ. ಕಟ್ಟು ಐತೆ.”

“ಸುಡ್ಲಿ ನಿಮ್ ಕಟ್ಟು! ಅವ್ವ ಸಾಯ್ತಾವ್ಳೆ ಅಂತಿವ್ನಿ!”

“ನಾನೇ ಕೂತು ಕಟ್ಟಿದ್ದು ನಂಜಪ್ಪ. ನನ್ ಮಗನ್ನ ಬಿಡಿಸ್ಕೊಳ್ಳೋಕೆ ಕಟ್ಟಿದ್ದು. ಈಗ ನಾನೇ ಮೀರಿ, ಆ ಬಡವನ ಕೈ ಸೊಟ್ಟಗಾದ್ರೆ? ಅವನು ಲಗಾಮು ಎಂಗೆ ಹಿಡೀತಾನೆ?” ಅಷ್ಟು ಹೇಳುವಷ್ಟರಲ್ಲಿ ಅಳು ಬಂದುಬಿಟ್ಟಿತು. ಕಟ್ಟಳೆಯನ್ನು ಅವಳಷ್ಟು ಶಪಿಸಿದವರು ಆ ಮನೆಯಲ್ಲಿ ಇರಲಿಲ್ಲ, ಈಗ ಅವಳಷ್ಟು ಅದಕ್ಕೆ ಹೆದರಿದವರೂ ಇರಲಿಲ್ಲ. ಪುಟ್ಟಲಕ್ಷ್ಮಿ ಬಂದು ತಾಯಿಯ ಬೆನ್ನ ಮೇಲೆ ತನ್ನ ಬಲಗೈ ಇಟ್ಟಳು.

ಜಗಲಿಯಿಂದ ಮುದುಕನ ದನಿ ಬಂತು.

“ಹೋಗವ್ವ. ಸಾಯೇಬನ ಕಟ್ಟು ನಾನು ಬಿಚ್ತೀನಿ.”

ಸಿದ್ದಲಿಂಗಮ್ಮ ಕಣ್ಣು ಒರೆಸಿಕೊಂಡು ಹೊರಗೆ ಬಂದಳು. ಸರಿಯಾಗಿ ಕೇಳಿಸಲಿಲ್ಲವೇನೋ ಎಂದುಕೊಂಡಳು.

“ಏನಂದ್ರಿ ಮಾವ?”

“ನಾನು ಬಿಚ್ತೀನಿ ಅಂದೆ. ಬಿಚ್ಚೋಕೆ ಬಲ ಬ್ಯಾಡ, ನನ್ ಕೈಲಿ ಆಯ್ತದೆ. ಹೋಗಿ ನಿಮ್ಮವ್ವನ್ನ ನೋಡು.”

“ಬೇರೆ ಕೈ ಬಿಚ್ಬೋದಾ?”

ಮುದುಕ ಅಂಗಳದ ಕಡೆ ನೋಡಿದ. “ಹೂಂ.”

“ಮೂಳೆಗೆ ಏನೂ ಆಗಾಕಿಲ್ವಾ?”

“ಕೂಡಿದ ಮೂಳೆಗೆ ಏನಾಯ್ತದೆ.”

“ಅಂಗಾದ್ರೆ ಚಲುವ ಕಟ್ಟಿದ್ದನ್ನೂ ನೀವೇ ಬಿಚ್ಬೋದಿತ್ತಲ್ಲ ಮಾವ! ಅಷ್ಟು ದಿನ ನಮ್ಮನ್ನ ಯಾಕೆ ಅಂಗೆ ಉರಿಸಿದ್ರಿ? ಒಂದು ಮಾತು ಅಂದಿದ್ರೆ ಆಗ್ತಿತ್ತಲ್ಲ!”

ಅವಳು ಕೂಗಿಯೇ ಕೇಳಿದ್ದಳು, ಬೀದಿಯವರಿಗೂ ಕೇಳಿಸಿರಬೇಕು. ಮುದುಕ ಅವಳ ಮುಖವನ್ನೇ ನೋಡಿದ, ಎಷ್ಟೋ ವಾರದ ಮೇಲೆ.

“ನೀನು ಹೋದ್ರೆ ಬತ್ತೀಯ ಕಣವ್ವ, ಅದು ನಂಗೊತ್ತು. ಅವನು ಬರಾಕಿಲ್ಲ.”

ಸಿದ್ದಲಿಂಗಮ್ಮ ಒಳಗೆ ಹೋಗಿ, ಸಂಕ್ರಾಂತಿಯಿಂದ ಮೂಲೆಯಲ್ಲಿದ್ದ ಗಂಟನ್ನು ಎತ್ತಿಕೊಂಡಳು. ಒಲೆ, ಒರಳು ಎಲ್ಲ ಮಗಳಿಗೆ ಹೇಳಿದಳು. ಹಿಟ್ಟು ತಿರುವಲು ಪಕ್ಕದ ಮನೆಯ ಪುಟ್ಟತಾಯಮ್ಮನನ್ನು ಕರೆದುಕೋ ಎಂದಳು. ಬಾಗಿಲಲ್ಲಿ ನಿಂತು, “ಗಂಟು ಎಡಗಡೆ ಐತೆ ಮಾವ. ನೀರು ಹಾಕಿ ನೆನೆಸಿ ಬಿಚ್ಚಿ,” ಎಂದಳು. ಅವನು ತಲೆ ಆಡಿಸಿದ.

ಗಾಡಿ ಹಿರೋಡೆ ಊರು ದಾಟಿತು. ಬೆಳಗಿನಿಂದ ಅವ್ವನನ್ನು ನೆನೆದು ಅತ್ತವಳು ಈಗ ಅವ್ವನನ್ನು ನೆನೆಯುತ್ತಿರಲಿಲ್ಲ. ರಸ್ತೆಯ ಪಕ್ಕ ಕಬ್ಬು ಕಡಿಯುತ್ತಿದ್ದರು, ಅದನ್ನೂ ಅವಳು ನೋಡಲಿಲ್ಲ.

“ನಂಜಪ್ಪ, ಮದರಾಸು ಎಷ್ಟು ದೂರ ಐತೆ?”

“ನಾನೇನು ಕಂಡಿದ್ದೀನಕ್ಕ. ಬೆಂಗ್ಳೂರಿಂದ ಒಂದು ರಾತ್ರಿ ರೈಲು ಅಂತಾರೆ.”

ಸ್ವಲ್ಪ ದೂರ ಹೋದ ಮೇಲೆ ಅವಳು ಮತ್ತೆ ಕೇಳಿದಳು.

“ಬರಾಕೂ ಅಷ್ಟೇ ಅಲ್ವೇನಪ್ಪ?”

ನಂಜಪ್ಪ ಎತ್ತುಗಳನ್ನು ಗದರಿಸಿದ.